‘ಆದರೂ’ ಇಲ್ಲದ ಮೆಚ್ಚುಗೆ

ಕನ್ನಡದಲ್ಲಿ ಬರೆಯುವ, ಭಾಷಣ ಮಾಡುವ, ಹಾಡುವ ಮುಸ್ಲಿಮರೆಲ್ಲರೂ ಒಂದಲ್ಲ ಒಂದು ದಿನ ಕೇಳಿಯೇ ಇರುವ ಮಾತೊಂದಿದೆ: ‘ನೀವು ಮುಸ್ಲಿಮರಾದರೂ ಎಷ್ಟು ಚೆನ್ನಾಗಿ ಕನ್ನಡ ಮಾತನಾಡುತ್ತೀರಿ!’ ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಪ್ರೀತಿಯಿಂದಲೇ ಬಂದ ಮಾತು. ಆದರೆ ಆ ವಾಕ್ಯದಲ್ಲಿರುವ ‘ಆದರೂ’ ಎಂಬ ಪುಟ್ಟ ಪದ ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿ ಮುಗಿಸುತ್ತದೆ. ಈ ಮನೆ ನಮ್ಮದು, ನೀವು ಬಂದ ಅತಿಥಿ, ಅತಿಥಿಯಾಗಿಯೂ ಮನೆಯವರಂತೆ ನಡೆದುಕೊಂಡಿರಿ ಎಂಬ ಪ್ರಮಾಣಪತ್ರವನ್ನು ಅದು ಕೈಗಿಡುತ್ತದೆ. ಮನೆಯಲ್ಲೇ ಹುಟ್ಟಿ ಬೆಳೆದವರಿಗೆ ಇಂಥ ಪ್ರಮಾಣಪತ್ರದ ಅಗತ್ಯವೇನಿದೆ?

ಕೆ.ಎಸ್. ನಿಸಾರ್ ಅಹಮದ್ ಅವರನ್ನೇ ನೆನೆಯೋಣ. ಭೂವಿಜ್ಞಾನದ ಅಧ್ಯಾಪಕರಾಗಿದ್ದ ಈ ಕವಿಯ ‘ನಿತ್ಯೋತ್ಸವ’ ಹಾಡು ರಾಜ್ಯೋತ್ಸವದ ವೇದಿಕೆಗಳಲ್ಲಿ ನಾಡಗೀತೆಯ ಪಕ್ಕದಲ್ಲೇ ನಿಲ್ಲುತ್ತದೆ. 2006ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು, 2017ರಲ್ಲಿ ಮೈಸೂರು ದಸರಾ ಉದ್ಘಾಟಿಸಿದರು, 2020ರಲ್ಲಿ ನಮ್ಮನ್ನಗಲಿದರು. ನಾಡು ಅವರಿಗೆ ಕೊಟ್ಟ ಗೌರವದಲ್ಲಿ ಕೊರತೆಯಿರಲಿಲ್ಲ. ಆದರೂ ಅದೇ ಕವಿ ‘ನಿಮ್ಮೊಡನಿದ್ದೂ ನಿಮ್ಮಂತಾಗದೆ’ ಎಂಬ ಕವಿತೆಯನ್ನೂ ಬರೆಯಬೇಕಾಯಿತು. ಮೊದಲನೆಯದನ್ನು ನಾವು ಬಾಯಿಪಾಠ ಮಾಡಿಕೊಂಡೆವು. ಎರಡನೆಯದನ್ನು ಪಠ್ಯಪುಸ್ತಕಕ್ಕೂ ವಿಚಾರ ಸಂಕಿರಣಕ್ಕೂ ಬಿಟ್ಟುಕೊಟ್ಟೆವು. ಒಬ್ಬ ಕವಿಯ ಯಾವ ಹಾಡನ್ನು ಮೆಚ್ಚುತ್ತೇವೆ, ಯಾವುದರ ಬಳಿ ಸುಳಿಯುವುದಿಲ್ಲ ಎಂಬುದರಿಂದ ಕವಿಯ ಬಗ್ಗೆ ತಿಳಿಯುವುದಕ್ಕಿಂತ ನಮ್ಮ ಬಗ್ಗೆಯೇ ಹೆಚ್ಚು ತಿಳಿಯುತ್ತದೆ.

ಇನ್ನೊಬ್ಬರನ್ನು, ಇನ್ನೊಬ್ಬರ ಕೆಲಸವನ್ನು ಮೆಚ್ಚುವುದೆಂದರೇನು ಎಂಬ ಪ್ರಶ್ನೆಯನ್ನು ಇಲ್ಲಿಂದ ಎತ್ತಿಕೊಳ್ಳಬಹುದು.

* * *

ಹೊಗಳಿಕೆಗೂ ಮೆಚ್ಚುಗೆಗೂ ನಡುವಿನ ಗೆರೆ ನಮ್ಮ ಸಾಂಸ್ಕೃತಿಕ ಬದುಕಿನಲ್ಲಿ ಅಳಿಸಿಹೋಗಿದೆ. ಶಾಲು, ಹಾರ, ಫಲತಾಂಬೂಲ, ಅಭಿನಂದನ ಗ್ರಂಥ, ಬೆನ್ನುಡಿಯ ನಾಲ್ಕು ಸಾಲು ಇವಿಷ್ಟರಲ್ಲಿ ನಾವು ಮೆಚ್ಚುಗೆಯ ಲೆಕ್ಕ ಚುಕ್ತಾ ಮಾಡುತ್ತೇವೆ. ಪುಸ್ತಕ ಬಿಡುಗಡೆಯ ವೇದಿಕೆಯಲ್ಲಿ ಕುಳಿತವರಲ್ಲಿ ಎಷ್ಟು ಮಂದಿ ಆ ಪುಸ್ತಕವನ್ನು ಓದಿ ಬಂದಿರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಕೇಳುವುದು ಸಭ್ಯತೆಯಲ್ಲ ಎಂಬ ಒಪ್ಪಂದವೂ ನಮ್ಮೊಳಗಿದೆ.

ಈ ವಿಷಯದಲ್ಲಿ ಪ್ರವಾದಿ ಮುಹಮ್ಮದ್(ಸ)ರ ಬೋಧನೆಯಲ್ಲಿ ಎರಡು ಮಾತುಗಳು ಜೊತೆಜೊತೆಯಾಗಿ ನಿಲ್ಲುತ್ತವೆ. ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬುದು ಒಂದು. ಒಬ್ಬನನ್ನು ಎದುರಿನಲ್ಲೇ ಅತಿಯಾಗಿ ಹೊಗಳುವುದು ಅವನ ಕೊರಳು ಕೊಯ್ದಂತೆ ಎಂಬುದು ಇನ್ನೊಂದು. ಹೊಗಳಲೇಬೇಕಾಗಿ ಬಂದರೆ ತನಗೆ ತಿಳಿದಷ್ಟನ್ನು, ತನಗೆ ಹಾಗೆ ತೋರುತ್ತದೆ ಎಂಬ ಎಚ್ಚರದೊಂದಿಗೆ ಹೇಳಬೇಕು. ಉಳಿದದ್ದನ್ನು ಬಲ್ಲವನು ಅಲ್ಲಾಹನು. ಮೇಲುನೋಟಕ್ಕೆ ಇವೆರಡೂ ವಿರುದ್ಧ ದಿಕ್ಕಿನ ಮಾತುಗಳಂತೆ ಕಾಣುತ್ತವೆ. ಕೂಡಿಸಿ ಓದಿದರೆ ಅರ್ಥ ಸ್ಪಷ್ಟವಾಗುತ್ತದೆ. ಕೃತಜ್ಞತೆ ಕಡ್ಡಾಯ, ಮುಖಸ್ತುತಿ ನಿಷಿದ್ಧ. ಕೃತಜ್ಞತೆಗೆ ಆಧಾರ ಬೇಕು; ಆತ ಏನು ಮಾಡಿದ, ಹೇಗೆ ಮಾಡಿದ ಎಂಬ ಅರಿವು ಬೇಕು. ಮುಖಸ್ತುತಿಗೆ ಅದ್ಯಾವುದೂ ಬೇಡ, ಎದುರಿನ ಮುಖವಿದ್ದರೆ ಸಾಕು.

ಭಾರತೀಯ ಕಾವ್ಯಮೀಮಾಂಸೆಯ ‘ಸಹೃದಯ’ ಕಲ್ಪನೆಯೂ ಇದೇ ಕಡೆಗೆ ಕೈತೋರಿಸುತ್ತದೆ. ಕಾಶ್ಮೀರದ ಆನಂದವರ್ಧನ ಒಂಬತ್ತನೆಯ ಶತಮಾನದಲ್ಲಿ ಬಳಸಿದ ಈ ಪದವನ್ನು ವಿವರಿಸುತ್ತಾ ಅಭಿನವಗುಪ್ತ, ಕಾವ್ಯದ ಸತತ ಅಭ್ಯಾಸದಿಂದ ಮನಸ್ಸಿನ ಕನ್ನಡಿಯನ್ನು ತಿಳಿಯಾಗಿಸಿಕೊಂಡವನನ್ನು ಸಹೃದಯ ಎಂದು ಕರೆಯುತ್ತಾನೆ. ಇಲ್ಲಿ ‘ಅಭ್ಯಾಸ’ ಎಂಬ ಪದ ಮುಖ್ಯ. ಸಹೃದಯತೆ ಹುಟ್ಟುಗುಣವಲ್ಲ, ಒಳ್ಳೆಯತನವೂ ಅಲ್ಲ. ದುಡಿದು ಗಳಿಸಬೇಕಾದ ಅರ್ಹತೆ. ಬರೆದವರಿಗೆ ಇರುವಂತೆ ಓದುವವರಿಗೂ ಒಂದು ಶ್ರಮವಿದೆ. ಆ ಶ್ರಮವನ್ನು ತಪ್ಪಿಸಿಕೊಳ್ಳುವ ಸುಲಭೋಪಾಯವೇ ಹೊಗಳಿಕೆ.

* * *

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಾಡಿನಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಕೃತಿ ಅದು. ಅದನ್ನು ಗೆದ್ದ ಮೊದಲ ಸಣ್ಣಕತೆಗಳ ಸಂಕಲನವೂ ಹೌದು. 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ ಹನ್ನೆರಡನ್ನು ದೀಪಾ ಭಾಸ್ತಿ ಆಯ್ದು ಇಂಗ್ಲಿಷಿಗೆ ತಂದಿದ್ದರು. ಅಂದರೆ, ಲಂಡನ್ನಿನಲ್ಲಿ ಚಪ್ಪಾಳೆ ಬೀಳುವ ಹೊತ್ತಿಗೆ ಈ ಕತೆಗಳಲ್ಲಿ ಕೆಲವು ಮೂವತ್ತು ವರ್ಷಗಳಿಂದ ನಮ್ಮ ಕೈಗೆಟುಕುವಲ್ಲೇ ಇದ್ದವು. ‘ಕರಿ ನಾಗರಗಳು’ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದ್ದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಹೀಗಿದ್ದೂ ಬೂಕರ್ ಸುದ್ದಿ ಬಂದ ಮೇಲೆ ‘ಇವರು ಏನು ಬರೆದಿದ್ದಾರೆ?’ ಎಂದು ಹುಡುಕಿದ ಕನ್ನಡಿಗರ ಸಂಖ್ಯೆ ಸಣ್ಣದಿರಲಾರದು. ದೂರದ ಊರಿನ ತಕ್ಕಡಿಯಲ್ಲಿ ತೂಗಿ ಬಂದ ಮೇಲೆಯೇ ನಮ್ಮ ಹಿತ್ತಿಲ ಗಿಡದ ಬೆಲೆ ನಮಗೆ ತಿಳಿಯಿತು.

ತಡವಾಗಿ ಬಂದ ಮೆಚ್ಚುಗೆಯನ್ನು ದೂರಬೇಕಾಗಿಲ್ಲ. ಆದರೆ ಬಂದ ಮೆಚ್ಚುಗೆ ಯಾವ ಬಗೆಯದು? ಒಂದು ವಲಯ ಈ ಕತೆಗಳನ್ನು ಮುಸ್ಲಿಂ ಸಮಾಜದ ಕತ್ತಲನ್ನು ಬಯಲು ಮಾಡಿದ ದಾಖಲೆಗಳೆಂದು ಎತ್ತಿ ಹಿಡಿಯಿತು. ನಮ್ಮ ಸಮುದಾಯದೊಳಗಿನ ಇನ್ನೊಂದು ವಲಯ ಅದೇ ಕಾರಣಕ್ಕೆ ಅವುಗಳನ್ನು ಅನುಮಾನದಿಂದ ನೋಡಿತು. ಇವರಿಬ್ಬರ ತೀರ್ಮಾನಗಳು ಬೇರೆಯಾದರೂ ಓದು ಒಂದೇ. ಕತೆಯನ್ನು ಇಬ್ಬರೂ ಸಾಕ್ಷಿಕಟ್ಟೆಗೆ ಹತ್ತಿಸಿದರು. ಕತೆಗಾರ್ತಿ ಏನು ಕಟ್ಟಿದ್ದಾರೆ ಎಂಬುದನ್ನು ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ.

‘ಕರಿ ನಾಗರಗಳು’ ಕತೆಯನ್ನು ತೆಗೆದುಕೊಳ್ಳಿ. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟ ಅಶ್ರಫ್ ನ್ಯಾಯ ಕೇಳಿಕೊಂಡು ಮಸೀದಿಯ ಬಾಗಿಲಿಗೆ ಬರುತ್ತಾಳೆ. ಮುತವಲ್ಲಿ ಅವಳ ಅಳಲಿಗೆ ಕಿವುಡಾಗುತ್ತಾರೆ. ಆದರೆ ಅವಳಿಗೆ ಆ ಬಾಗಿಲನ್ನು ತೋರಿಸಿದವರು ಯಾರು? ಧರ್ಮ ಹೆಣ್ಣಿಗೆ ಏನೇನು ಹಕ್ಕು ಕೊಟ್ಟಿದೆ ಎಂದು ಓದಿ ತಿಳಿದಿರುವ ಜುಲೇಖಾ ಬೇಗಂ. ಅಶ್ರಫಳ ಜಗಳ ಮಸೀದಿಯ ಜೊತೆಗಲ್ಲ, ಮಸೀದಿಯಲ್ಲಿ ಸಿಗಬೇಕಾದ ನ್ಯಾಯ ಸಿಗದೆ ಹೋದುದರ ಜೊತೆಗೆ. ನಂಬಿಕೆಯ ಒಳಗೆ ನಿಂತು, ನಂಬಿಕೆಯ ಮಾತಿನಲ್ಲೇ ಲೆಕ್ಕ ಕೇಳುವ ಕತೆ ಇದು. ‘ಒಮ್ಮೆ ಹೆಣ್ಣಾಗು ಪ್ರಭುವೇ’ ಎಂಬ ಕತೆಯಂತೂ ಪ್ರಾರ್ಥನೆಯ ರೂಪದಲ್ಲೇ ಇದೆ. ದೇವರೊಡನೆ ಜಗಳವಾಡಲು ದೇವರೊಡನೆ ಸಲುಗೆ ಬೇಕು. ಇಲ್ಲದ ದೇವರ ಮೇಲೆ ಯಾರೂ ಮುನಿಸಿಕೊಳ್ಳುವುದಿಲ್ಲ. ಈ ಸಲುಗೆಯನ್ನು ಕಾಣದವರು ಕತೆಯನ್ನು ಧರ್ಮವಿರೋಧಿ ಎಂದು ಹೊಗಳಿದರೂ ಒಂದೇ, ತೆಗಳಿದರೂ ಒಂದೇ.

ಇನ್ನೊಂದು ಸಂಗತಿ. ಬಾನು ಅವರ ಕತೆಗಳಲ್ಲಿ ನಗುವಿದೆ. ‘ರೆಡ್ ಲುಂಗಿ’ ಕತೆಯಲ್ಲಿ ಬೇಸಿಗೆ ರಜೆಯಲ್ಲಿ ಮನೆ ತುಂಬಿದ ಮಕ್ಕಳ ಗಲಾಟೆಯಿಂದ ತಲೆ ಚಿಟ್ಟು ಹಿಡಿದ ರಜಿಯಾ ಎಲ್ಲ ಹುಡುಗರಿಗೂ ಒಟ್ಟಿಗೆ ಖತ್ನಾ ಮಾಡಿಸಿಬಿಡಲು ಹೊರಡುತ್ತಾಳೆ. ಉಳ್ಳವರ ಮನೆಯ ಮಗನಿಗೆ ಡಾಕ್ಟರು, ಔಷಧಿ ಎಲ್ಲ ಇದ್ದೂ ಗಾಯ ವಾಸಿಯಾಗುವುದಿಲ್ಲ. ಬಡವರ ಮನೆಯ ಹುಡುಗ ಬೂದಿ ಮೆತ್ತಿಸಿಕೊಂಡು ಓಡಾಡುತ್ತಾನೆ. ಇನ್ನೊಂದು ಕತೆಯಲ್ಲಿ ಅರೇಬಿಕ್ ಮೇಷ್ಟ್ರೊಬ್ಬರು ಗೋಬಿ ಮಂಚೂರಿಯ ಹುಚ್ಚಿಗೆ ಬಿದ್ದು ಅದನ್ನು ಮಾಡಬಲ್ಲ ಹೆಣ್ಣನ್ನೇ ಹುಡುಕುತ್ತಾರೆ. ಕಣ್ಣೀರಿಗಾಗಿಯೇ ಕತೆಯ ಬಳಿ ಬಂದವರಿಗೆ ಈ ನಗು ಕೇಳಿಸಲಿಲ್ಲ. ಮುಸ್ಲಿಂ ಹೆಣ್ಣಿನ ಕತೆ ಎಂದರೆ ಗೋಳಿನ ಕತೆಯೇ ಆಗಿರಬೇಕು ಎಂಬ ನಿರೀಕ್ಷೆಯೂ ಒಂದು ಬಗೆಯ ‘ಆದರೂ’.

ಹೀಗೆಂದ ಮಾತ್ರಕ್ಕೆ ಈ ಕತೆಗಳೆಲ್ಲ ಒಂದೇ ತೂಕದವು ಎಂದು ನಾವು ಹೇಳುತ್ತಿಲ್ಲ. ಕೆಲವು ಕಡೆ ಕತೆ ತಾನೇ ಹೇಳಬೇಕಾದುದನ್ನು ಕತೆಗಾರ್ತಿಯೊಳಗಿನ ವಕೀಲೆ ಮುಂದೆ ಬಂದು ವಾದಿಸುತ್ತಾರೆ. ಗಂಡಸರ ಪಾತ್ರಗಳು ಕೆಲವೊಮ್ಮೆ ತೀರ್ಪಿಗೆ ಅನುಕೂಲವಾಗುವಷ್ಟೇ ಬೆಳೆದು ನಿಂತುಬಿಡುತ್ತವೆ. ಬಂಡಾಯದ ಕಾಲದ ಬರವಣಿಗೆಗೆ ಸಾಮಾನ್ಯವಾದ ಈ ಮಿತಿಯನ್ನು ಪ್ರಶಸ್ತಿಯ ಸಂಭ್ರಮದಲ್ಲಿ ಯಾರೂ ಹೇಳಲಿಲ್ಲ. ಹೇಳಿದರೆ ಮೆಚ್ಚುಗೆಗೆ ಕುಂದು ಎಂದುಕೊಂಡರು. ನಮ್ಮ ಅನಿಸಿಕೆ ಬೇರೆ. ಒಬ್ಬ ಲೇಖಕಿಯ ದೋಷವನ್ನು ಇತರ ಲೇಖಕರ ದೋಷದಂತೆಯೇ ಎತ್ತಿ ಹೇಳುವ ದಿನ, ಅವರನ್ನು ಸಾಹಿತ್ಯದ ಸಮಾನ ಪಂಕ್ತಿಯಲ್ಲಿ ಕೂರಿಸಿದ ದಿನ. ವಿನಾಯಿತಿ ಅಂಕ ಕೊಟ್ಟು ತೇರ್ಗಡೆ ಮಾಡುವುದು ಗೌರವವಲ್ಲ.

ನಮ್ಮ ಸಮುದಾಯದ ಕಡೆಗೂ ತಿರುಗಿ ನೋಡಬೇಕು. ಮಸೀದಿಗೆ ಮಹಿಳೆಯರ ಪ್ರವೇಶದ ಹಕ್ಕಿನ ಪರವಾಗಿ ಮಾತನಾಡಿದ್ದಕ್ಕಾಗಿ 2000ದಲ್ಲಿ ಬಾನು ಸಾಮಾಜಿಕ ಬಹಿಷ್ಕಾರ ಎದುರಿಸಬೇಕಾಯಿತು. ‘ಚಂದ್ರಗಿರಿಯ ತೀರದಲ್ಲಿ’ ಬರೆದ ಸಾರಾ ಅಬೂಬಕರ್ 2023ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ನಮ್ಮ ಬಹುಪಾಲು ಮನೆಗಳಿಗೆ ‘ವಿವಾದಿತ ಲೇಖಕಿ’ಯಾಗಿಯೇ ಉಳಿದರು. ಅವರ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಿದ್ದು ಲಂಕೇಶ್ ಪತ್ರಿಕೆ. ಅದನ್ನು ಮೊದಲು ಓದಬೇಕಾಗಿದ್ದ ಕರಾವಳಿಯ ಮುಸ್ಲಿಂ ಮನೆಗಳಲ್ಲಿ ಅದರ ಬಗ್ಗೆ ಮಾತನಾಡಿದವರು ಹೆಚ್ಚು, ಓದಿದವರು ಕಡಿಮೆ. ಇವರ ವಾದಗಳನ್ನು ಒಪ್ಪಲೇಬೇಕೆಂದಿಲ್ಲ. ಒಪ್ಪದಿರಲಿಕ್ಕೂ ಓದಬೇಕಲ್ಲವೇ? ಹೊರಗಿನವರು ನಮ್ಮ ಬರಹಗಾರರನ್ನು ತಪ್ಪು ಕಾರಣಕ್ಕೆ ಮೆಚ್ಚುತ್ತಾರೆ ಎಂದು ದೂರುವ ಹಕ್ಕು, ಸರಿಯಾದ ಕಾರಣಕ್ಕೆ ಅವರನ್ನು ಓದಿದವರಿಗಷ್ಟೇ ದಕ್ಕುವಂಥದ್ದು.

* * *

ಈ ಪ್ರಸಂಗದಲ್ಲಿ ನಿಜವಾದ ಮೆಚ್ಚುಗೆಯ ಮಾದರಿಯೊಂದನ್ನು ಹುಡುಕುವುದಾದರೆ ಅದು ಅನುವಾದಕಿಯಲ್ಲಿ ಸಿಗುತ್ತದೆ. ಮಡಿಕೇರಿಯ ದೀಪಾ ಭಾಸ್ತಿ ಆ ಕತೆಗಳ ಲೋಕದವರಲ್ಲ. ಹಾಸನದ ಮುಸ್ಲಿಂ ಮನೆಗಳ ಕನ್ನಡ, ಅದರೊಳಗೆ ಸೇರಿಕೊಂಡ ದಖನಿ ಉರ್ದು, ಅದರೊಳಗಿನ ಅರಬಿ ಪದಗಳು ಇವನ್ನೆಲ್ಲ ಅವರು ಕಲಿತು ಕೇಳಿಸಿಕೊಳ್ಳಬೇಕಾಯಿತು. ಹಾಗೆ ಕೇಳಿಸಿಕೊಂಡ ಮೇಲೆ ಆ ಪದಗಳನ್ನು ಇಂಗ್ಲಿಷಿನಲ್ಲಿ ಓರೆ ಅಕ್ಷರದಲ್ಲಿ ಅಚ್ಚು ಮಾಡಿಸಲಿಲ್ಲ, ಅಡಿಟಿಪ್ಪಣಿ ಹಾಕಿ ವಿವರಿಸಲೂ ಇಲ್ಲ. ಓರೆ ಅಕ್ಷರವೆಂದರೆ ಅಚ್ಚಿನಲ್ಲಿರುವ ‘ಆದರೂ’. ಈ ಪದ ಇಲ್ಲಿಯದಲ್ಲ, ಬೇರೆ ಕಡೆಯಿಂದ ಬಂದದ್ದು ಎಂದು ಅದು ಓದುಗರಿಗೆ ಸನ್ನೆ ಮಾಡುತ್ತದೆ. ಅದನ್ನು ತೆಗೆದುಹಾಕಿ ಎಲ್ಲ ಪದಗಳನ್ನೂ ನೆಟ್ಟಗೆ ನಿಲ್ಲಿಸಿದ್ದು ಚಿಕ್ಕ ಕೆಲಸವೇನಲ್ಲ. ಪ್ರಶಸ್ತಿಯ ಹಣವನ್ನು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚುವುದು ಆ ಪ್ರಶಸ್ತಿಯ ನಿಯಮ. ಅನುವಾದಕರ ಹೆಸರನ್ನು ಮುಖಪುಟದಲ್ಲಿ ಹಾಕಲೂ ಹಿಂದೆಮುಂದೆ ನೋಡುವ ನಮ್ಮ ಪ್ರಕಾಶನ ಲೋಕ ಇದರಿಂದ ಕಲಿಯುವುದಿದೆ.

ಸಾಹಿತ್ಯದಿಂದ ಕೈಕಸುಬಿನ ಕಡೆಗೆ ಬಂದರೆ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಬೀದರಿನ ಬಿದರಿ ಕಲೆಯನ್ನು ಹೊಗಳದ ಕನ್ನಡಿಗರಿಲ್ಲ. ಮಂತ್ರಿ ಮಹೋದಯರಿಗೆ, ವಿದೇಶಿ ಗಣ್ಯರಿಗೆ ಕೊಡುವ ಉಡುಗೊರೆ ಅದು. ಆದರೆ ಆ ಕಪ್ಪು ಹೂಜಿ ಹೇಗೆ ಕಪ್ಪಾಯಿತು ಎಂದು ಎಷ್ಟು ಮಂದಿಗೆ ಗೊತ್ತು? ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚೂಪಾದ ಮೊನೆಯಿಂದ ಚಿತ್ತಾರ ಬರೆಯುತ್ತಾರೆ. ಸಣ್ಣ ಉಳಿಗಳಿಂದ ಆ ಗೆರೆಗಳನ್ನು ಕೊರೆದು, ಕೊರೆದ ತೋಡಿನೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಇಟ್ಟು ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೋಗಿ ಬೆಳ್ಳಿಯೂ ಲೋಹವೂ ಒಂದೇ ಬಣ್ಣವಾಗಿ ಚಿತ್ತಾರವೇ ಮಸುಕಾಗುತ್ತದೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿಯಾದ ಪಾತ್ರೆಯ ಮೇಲೆ ತಿಕ್ಕುತ್ತಾರೆ. ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿದು ಹೂಬಳ್ಳಿ ಎದ್ದು ನಿಲ್ಲುತ್ತದೆ. ಆ ಮಣ್ಣು ಎಲ್ಲೆಂದರಲ್ಲಿ ಸಿಗುವಂಥದ್ದಲ್ಲ. ನುರಿತ ಕಸುಬುದಾರರು ಅದನ್ನು ನಾಲಗೆಯ ಮೇಲಿಟ್ಟು ರುಚಿ ನೋಡಿ ಆರಿಸುತ್ತಾರೆ.

ಈ ಕೆಲಸದಲ್ಲಿ ಬದುಕು ಸವೆಸಿದ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ. ಆದರೆ ಪ್ರಶಸ್ತಿ ಒಬ್ಬರಿಗೆ. ಕಸುಬು ಹಲವು ಕೈಗಳದು. ಎರಕದವರು, ಕೊರೆಯುವವರು, ಬೆಳ್ಳಿ ಕೂರಿಸುವವರು, ಹೊಳಪು ಕೊಡುವವರು ಬೇರೆ ಬೇರೆ. ಅಂಗಡಿಯ ಗಾಜಿನ ಹಿಂದಿನ ಪಾತ್ರೆಗೆ ‘ಎಷ್ಟು ಚೆಂದ!’ ಎಂದು ಉದ್ಗರಿಸಿ, ಮರುಕ್ಷಣವೇ ‘ಇಷ್ಟೊಂದು ರೇಟಾ?’ ಎಂದು ಚೌಕಾಸಿಗೆ ಇಳಿಯುವವರು ಮೆಚ್ಚಿದ್ದು ಏನನ್ನು? ಕೆಲಸದ ಹಂತಗಳು ತಿಳಿದವರಿಗೆ ಬೆಲೆ ಕೇಳುವ ಮೊದಲು ಆ ಕೈಗಳು ಕಣ್ಣಮುಂದೆ ಬರುತ್ತವೆ. ಮೆಚ್ಚುಗೆಗೂ ತಿಳಿವಳಿಕೆಗೂ ಇರುವ ನಂಟು ಇದೇ.

* * *

ನಮ್ಮ ಪರಂಪರೆಯಲ್ಲಿ ಇಂಥ ಮೆಚ್ಚುಗೆಗೆ ನಿದರ್ಶನಗಳ ಬರವಿಲ್ಲ. ಪ್ರವಾದಿ(ಸ)ರ ಹಿಂದೆ ಸವಾರಿ ಕುಳಿತು ಸಾಗುತ್ತಿದ್ದ ಸಂಗಾತಿ ಶರೀದ್(ರ) ಹೇಳುವ ಪ್ರಸಂಗವೊಂದು ಹದೀಸ್ ಗ್ರಂಥಗಳಲ್ಲಿದೆ. ಉಮಯ್ಯ ಬಿನ್ ಅಬಿಸ್ಸಲ್ತ್‌ನ ಕವಿತೆ ನಿಮಗೆ ಬರುತ್ತದೆಯೇ ಎಂದು ಪ್ರವಾದಿ(ಸ) ಕೇಳಿದರು. ಉಮಯ್ಯ ಇಸ್ಲಾಮನ್ನು ಸ್ವೀಕರಿಸದ ಕವಿ. ಶರೀದ್ ಒಂದು ಪದ್ಯ ಹೇಳಿದರು, ಮುಂದೆ ಹೇಳಿ ಎಂದರು. ಇನ್ನೊಂದು ಹೇಳಿದರು, ಮತ್ತೆ ಮುಂದೆ ಹೇಳಿ ಎಂದರು. ಹೀಗೆ ನೂರು ಪದ್ಯಗಳಾದವು. ನಂಬಿಕೆ ಬೇರೆಯಾದ ಕವಿಯನ್ನು ನೂರು ಪದ್ಯ ಕೇಳುವ ತಾಳ್ಮೆಯಿಂದ ಕೇಳುವುದು, ಭಿನ್ನಾಭಿಪ್ರಾಯವನ್ನು ಮುಚ್ಚಿಡದೆಯೇ ಅವನ ಮಾತಿನ ಸತ್ವವನ್ನು ಗುರುತಿಸುವುದು ನಮಗೆ ಹೊಸ ಪಾಠವೇನಲ್ಲ.

ಸುಮಾರು 1030ರಲ್ಲಿ ಭಾರತದ ಬಗ್ಗೆ ಬೃಹತ್ ಗ್ರಂಥ ಬರೆದ ಅಲ್-ಬಿರೂನಿಯ ದಾರಿಯೂ ಇದೇ. ದಂಡೆತ್ತಿ ಬಂದ ಘಜ್ನಿಯ ಮಹಮೂದನ ಕಾಲದಲ್ಲಿ, ಅವನದೇ ಆಶ್ರಯದಲ್ಲಿದ್ದ ಈ ವಿದ್ವಾಂಸ ಸಂಸ್ಕೃತ ಕಲಿತ, ಪತಂಜಲಿಯನ್ನು ಅರಬಿಗೆ ತಂದ. ಹಿಂದೂಗಳ ವಿಚಾರಗಳನ್ನು ಖಂಡಿಸುವುದಕ್ಕಾಗಿ ಅಲ್ಲ, ಅವರು ಹೇಳುವ ಹಾಗೆಯೇ ಮುಂದಿಡುವುದಕ್ಕಾಗಿ ತಾನು ಬರೆಯುತ್ತಿದ್ದೇನೆ ಎಂಬುದು ಅವನ ನಿಲುವು. ಹಾಗೆಂದು ಅವನು ಓಲೈಸಲಿಲ್ಲ. ತಮ್ಮಂಥ ದೇಶ ಇನ್ನೊಂದಿಲ್ಲವೆಂದು ನಂಬಿದ ಪಂಡಿತರ ಜಂಭವನ್ನು ನೇರವಾಗಿಯೇ ಟೀಕಿಸಿದ, ಆ ದೇಶದ ಸಿರಿಯನ್ನು ಹಾಳುಗೆಡವಿದ ಮಹಮೂದನ ದಾಳಿಗಳ ಪರಿಣಾಮವನ್ನೂ ದಾಖಲಿಸಿದ. ನಮ್ಮ ಕಾಲಕ್ಕೆ ಬಂದರೆ ರಹಮತ್ ತರೀಕೆರೆಯವರ ಕೆಲಸ ಈ ಸಾಲಿನದು. ‘ಕರ್ನಾಟಕದ ಸೂಫಿಗಳು’ ಬರೆದು ಅವರು ಅಲ್ಲಿಗೇ ನಿಲ್ಲಲಿಲ್ಲ. ನಾಥಪಂಥ, ಶಾಕ್ತಪಂಥಗಳ ಬೆನ್ನುಹತ್ತಿ ಮಠ, ಗುಡಿ, ಗವಿಗಳನ್ನು ಸುತ್ತಿದರು. ತನ್ನದನ್ನಷ್ಟೇ ಮೆಚ್ಚುವುದು ಅಭಿಮಾನ. ಪರರದ್ದನ್ನು ತಿಳಿದು ಮೆಚ್ಚುವುದು ವಿದ್ವತ್ತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಪರಧರ್ಮ, ಪರವಿಚಾರಗಳನ್ನು ಸಹಿಸಿಕೊಳ್ಳುವುದೇ ಸಂಪತ್ತು ಎಂದು ‘ಕವಿರಾಜಮಾರ್ಗ’ದ ಕಾಲದಿಂದ ಹೇಳಿಕೊಂಡು ಬಂದ ನಾಡು ನಮ್ಮದು, ಸಹನೆ ಸಾಲದೆ, ಮೆಚ್ಚುಗೆಯ ಮಾತೇಕೆ? ಸಹನೆ ದೊಡ್ಡದು, ಅದಿಲ್ಲದಿದ್ದರೆ ಉಳಿದದ್ದು ಯಾವುದೂ ಇಲ್ಲ. ಆದರೆ ಬರೀ ಸಹನೆಗೆ ಇನ್ನೊಬ್ಬರ ಬಗ್ಗೆ ಏನೂ ಗೊತ್ತಿರಬೇಕಾಗಿಲ್ಲ. ಗೊತ್ತಿಲ್ಲದ ಸಹನೆ ಬಹುಬೇಗ ಬಳಲುತ್ತದೆ. 2017ರಲ್ಲಿ ನಿಸಾರ್ ದಸರಾ ಉದ್ಘಾಟಿಸಿದ ಅದೇ ಚಾಮುಂಡಿ ಬೆಟ್ಟಕ್ಕೆ 2025ರಲ್ಲಿ ಬಾನು ಅವರನ್ನು ಕರೆದಾಗ ಪ್ರಶ್ನೆ ಹೈಕೋರ್ಟು, ಸುಪ್ರೀಂಕೋರ್ಟುಗಳವರೆಗೆ ಹೋಯಿತು. ಎರಡೂ ಕಡೆ ಅರ್ಜಿಗಳು ವಜಾ ಆದವು, ಸೆಪ್ಟೆಂಬರ್ 22ರಂದು ಅವರು ದೀಪ ಬೆಳಗಿದರು. ಮೇ ತಿಂಗಳಲ್ಲಿ ‘ಕನ್ನಡದ ಹೆಮ್ಮೆ’ ಎನಿಸಿಕೊಂಡವರು ಆಗಸ್ಟ್ ಹೊತ್ತಿಗೆ ತಮ್ಮ ಅರ್ಹತೆಯನ್ನು ಸಾಬೀತುಪಡಿಸಬೇಕಾದ ಸ್ಥಿತಿಗೆ ಬಂದರು. ಆ ಹೆಮ್ಮೆಯೊಳಗೆ ‘ಆದರೂ’ ಮೊದಲಿನಿಂದಲೂ ಅಡಗಿತ್ತು, ಸಮಯ ಬಂದಾಗ ಹೊರಬಂತು ಎನ್ನದೆ ವಿಧಿಯಿಲ್ಲ.

ಸೌಹಾರ್ದದ ವೇದಿಕೆಗಳಲ್ಲಿ ಶಿಶುನಾಳ ಶರೀಫರ ಪಟಕ್ಕೆ ಹಾರ ಹಾಕುವ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ. ಗೋವಿಂದ ಭಟ್ಟರು ಶರೀಫರನ್ನು ಶಿಷ್ಯನೆಂದು ಒಪ್ಪಿಕೊಂಡದ್ದು ಸೌಹಾರ್ದದ ಪ್ರದರ್ಶನಕ್ಕಲ್ಲ. ಆ ಹುಡುಗನೊಳಗಿನ ಹಸಿವು ಅವರಿಗೆ ಕಂಡಿತ್ತು. ನಾವು ಆ ಜೋಡಿಯನ್ನು ಲಾಂಛನ ಮಾಡಿಕೊಂಡೆವು, ತತ್ವಪದಗಳ ಒಳಗಿನ ಕಟುವಾದ ಆತ್ಮಪರೀಕ್ಷೆಯನ್ನು ಹಾಡುಗಾರರ ರಾಗಕ್ಕೆ ಬಿಟ್ಟೆವು. ಅಂತೆಯೇ, ನಮ್ಮನ್ನು ಇತರರು ಅರಿಯಬೇಕೆಂದು ಬಯಸುವ ಮುಸ್ಲಿಂ ಸಂಘಟನೆಗಳ ವಾಚನಾಲಯಗಳ ಕಪಾಟಿನಲ್ಲಿ ವಚನ ಸಂಪುಟಗಳಿವೆಯೇ, ‘ಕುಸುಮಬಾಲೆ’ ಇದೆಯೇ, ಕನಕದಾಸರಿದ್ದಾರೆಯೇ ಎಂಬುದನ್ನೂ ನೋಡಬೇಕು. ಕೊಡುವ ಕೈಗೆ ಪಡೆಯುವ ಹಕ್ಕಿದೆ.

ಮದ್‌ಯನ್ ಜನರಿಗೆ ಪ್ರವಾದಿ ಶುಐಬ್(ಅ) ಮಾಡಿದ ಉಪದೇಶ ಪವಿತ್ರ ಕುರ್‌ಆನ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಅಳತೆಯನ್ನೂ ತೂಕವನ್ನೂ ಸರಿಯಾಗಿ ಕೊಡಿ, ಜನರಿಗೆ ಸಲ್ಲಬೇಕಾದ ವಸ್ತುಗಳಲ್ಲಿ ಕಡಿತ ಮಾಡಬೇಡಿ ಎಂಬುದು ಅದರ ತಾತ್ಪರ್ಯ. ಅದನ್ನು ನಾವು ಅಕ್ಕಿ, ಬೇಳೆ, ಬಟ್ಟೆಯ ವ್ಯಾಪಾರಕ್ಕೆ ಸೀಮಿತಗೊಳಿಸಿಕೊಂಡಿದ್ದೇವೆ. ಒಬ್ಬರು ಬರೆದ ಕತೆ, ಇನ್ನೊಬ್ಬರು ಕೂರಿಸಿದ ಬೆಳ್ಳಿಯ ಎಳೆ, ಮತ್ತೊಬ್ಬರು ಮಾಡಿದ ಅನುವಾದ ಇವೂ ಜನರಿಗೆ ಸಲ್ಲಬೇಕಾದ ವಸ್ತುಗಳೇ. ಕಡಿಮೆ ತೂಗುವುದು ಹೇಗೆ ಅನ್ಯಾಯವೋ, ತಕ್ಕಡಿಯನ್ನೇ ನೋಡದೆ ಹೆಚ್ಚು ಎಂದು ಕೂಗುವುದೂ ಹಾಗೆಯೇ. ಇದ್ದಷ್ಟನ್ನು ಇದ್ದ ಹಾಗೆ ತೂಗಿ, ಅಳುಕಿಲ್ಲದೆ ಹೇಳುವುದೇ ಮೆಚ್ಚುಗೆ. ಅದಕ್ಕೆ ವೇದಿಕೆ ಬೇಕಾಗಿಲ್ಲ. ಪುಸ್ತಕವನ್ನು ತೆರೆದು ಕೊನೆಯ ಪುಟದವರೆಗೆ ಓದಿದರೆ ಆರಂಭಕ್ಕೆ ಅಷ್ಟು ಸಾಕು.